ಮರ್ವಿನ್‌ನ ಎಡಗೈ

ವಾಯುಪಡೆಯ ಅಧಿಕಾರಿ ಬಂದಾಗ ಅಮ್ಮ ಅಡುಗೆಮನೆಯ ಮೇಜಿನ ಮೇಲೆ ಹಿಟ್ಟು ಲಟ್ಟಿಸುತ್ತಿದ್ದಳು. ಬಾಗಿಲು ತೆರೆದವಳು ನಾನು. ಯುದ್ಧ ಮುಗಿದು ಮೂವತ್ತು ವರ್ಷವಾಗಿತ್ತು. ನಮ್ಮ ಮನೆಯಿಂದ ಯುದ್ಧಕ್ಕೆ ಕಳೆದುಕೊಳ್ಳುವುದಕ್ಕೆ ಇನ್ನು ಯಾರೂ ಉಳಿದಿರಲಿಲ್ಲ. ಇದೆಲ್ಲ ತಲೆಗೆ ಗೊತ್ತಿದ್ದರೂ ಆ ನೀಲಿ ಸಮವಸ್ತ್ರ ಹೊಸ್ತಿಲ ಮೇಲೆ ಕಂಡದ್ದೇ ಬಾಗಿಲ ಚೌಕಟ್ಟು ಹಿಡಿದುಕೊಂಡೆ.

"ನನ್ನ ಹೆಸರು ಕೊರಿಗನ್. ಮರ್ವಿನ್ ಟ್ರೆಗೆಂಜಾ ಅವರ ತಾಯಿಯವರನ್ನ ನೋಡ್ಬೇಕಿತ್ತು" ಎಂದ. ನನ್ನ ಮಗನ ವಯಸ್ಸಿನವನು.

"ಯಾರೇ ಅದು, ಲೋರ್ನಾ? ವಿಮೆ ಮಾರೋನಾದ್ರೆ ನಾನು ಸತ್ತೆ ಅಂತ ಹೇಳು" ಎಂದು ಅಮ್ಮ ಒಳಗಿನಿಂದ ಕೂಗಿದಳು.

"ವಿಮೆಯವರಲ್ಲಮ್ಮ. ವಾಯುಪಡೆಯವರು."

ಲಟ್ಟಣಿಗೆಯ ಸದ್ದು ನಿಂತಿತು.

ಕೊರಿಗನ್ ಅಡುಗೆಮನೆಯಲ್ಲೇ ಕುಳಿತು ವಿಷಯ ಹೇಳಿದ. ಯುದ್ಧದಲ್ಲಿ ಜಪಾನಿಯರ ಕೈಲಿದ್ದ ನ್ಯೂ ಬ್ರಿಟನ್ ದ್ವೀಪದ ಉತ್ತರ ಕರಾವಳಿಯಲ್ಲಿ ಹವಳದ ದಿಬ್ಬದ ಒಳಗಡೆ, ಹೆಚ್ಚು ಆಳವಿಲ್ಲದ ನೀರಿನಲ್ಲಿ, ಮೀನು ಹಿಡಿಯುವವರಿಗೆ ಒಂದು ಬಾಂಬರ್ ವಿಮಾನ ಸಿಕ್ಕಿದೆ. ಅದು ಮರ್ವಿನ್ ಹತ್ತಿದ್ದ ವಿಮಾನವೇ. ಅದರಲ್ಲಿ ಹೋದವರು ಮೂವರು. ಇಬ್ಬರ ಅವಶೇಷ ಒಳಗಿತ್ತು. ಮೂರನೆಯವರದು ಇಲ್ಲ. ಆ ಇಬ್ಬರು ಯಾರೆಂದು ಖಚಿತವಾಗಬೇಕು.

"ನಿಮ್ಮ ಮಗನಿಗೆ ಯಾವತ್ತಾದ್ರೂ ಮೂಳೆ ಮುರಿದಿತ್ತಾ, ತಾಯಿ? ಹಲ್ಲು ಕೀಳಿಸಿದ್ದು, ಅಂಥದ್ದೇನಾದ್ರೂ?"

ಅಮ್ಮ ಕೈಯ ಹಿಟ್ಟನ್ನು ಒಂದೊಂದೇ ಬೆರಳಿನಿಂದ ಉಜ್ಜಿ ತೆಗೆದಳು. ಆಗ ಅವಳಿಗೆ ಎಂಬತ್ತು ದಾಟಿತ್ತು, ನಾಲಿಗೆಗೆ ಮಾತ್ರ ವಯಸ್ಸಾಗಿರಲಿಲ್ಲ.

"ನೀನು ನನ್ನ ಮಗನ್ನ ಹುಡುಕ್ತಿದೀಯೋ, ಮೂಳೆ ಹುಡುಕ್ತಿದೀಯೋ?"

"ನಾವು..."

"ಮೂರನೆಯವನು ಇಲ್ಲ ಅಂತ ನೀನೇ ಹೇಳ್ದೆ. ಇಲ್ಲ ಅಂದ್ರೆ ಎದ್ದು ಹೋಗಿದಾನೆ. ಎದ್ದು ಹೋದೋನು ಸಿಕ್ಕಾಗ ಅವನ ಮೂಳೆ ವಿಚಾರ ಅವನನ್ನೇ ಕೇಳ್ಕೋ."

ಹುಡುಗನ ಕಿವಿ ಕೆಂಪಾಯಿತು. ಅಮ್ಮ ಒಲೆಯಿಂದ ಮಾಂಸ, ಆಲೂಗಡ್ಡೆ ತುಂಬಿದ ಒಂದು ಬಿಸಿ ಪೇಸ್ಟಿ ತೆಗೆದು ತಟ್ಟೆಯಲ್ಲಿ ಅವನ ಮುಂದಿಟ್ಟಳು. "ತಿನ್ನು. ಕಡ್ಡಿ ಆಗಿದೀಯ. ನಿಮಗೆ ಅಲ್ಲಿ ಏನೂ ಹಾಕಲ್ವಾ?"

ಗೇಟಿನ ತನಕ ಅವನ ಜೊತೆ ನಾನು ಹೋದೆ. ಕಡಲ ಕಡೆಯಿಂದ ಗಾಳಿ ಬಲವಾಗಿ ಬೀಸುತ್ತಿತ್ತು. ಹೇಳಬೇಕೋ ಬೇಡವೋ ಎಂದು ಗೇಟಿನ ಚಿಲಕ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತೆ. ಆಮೇಲೆ ಹೇಳಿದೆ: "ಎಡಗೈ. ಮೊಣಕೈ ಕೆಳಗೆ. ಚಿಕ್ಕವನಿದ್ದಾಗ ಬಂದರಿನ ಕಟ್ಟೆಯಿಂದ ಹಾಯಿದೋಣಿ ಒಳಗೆ ಹಾರೋಕೆ ಹೋಗಿ ಮುರ್ಕೊಂಡ. ಕೂಡಿಸಿದ್ದು ಸರಿಯಾಗಿರ್ಲಿಲ್ಲ. ಸ್ವಲ್ಪ ಸೊಟ್ಟ."

"ಹಾಗಾದ್ರೆ ವಿಮಾನದಲ್ಲಿ ಸಿಕ್ಕವರಲ್ಲಿ ಅವರಿಲ್ಲ" ಎಂದ ಕೊರಿಗನ್. ಮನೆಯ ಕಡೆ ಒಮ್ಮೆ ನೋಡಿ, "ತಾಯಿಯವರ ಎದುರು ಇದನ್ನ ಹೇಳೋಕೆ ಧೈರ್ಯ ಬರ್ಲಿಲ್ಲ. ವಿಮಾನದ ಹಿಂದಿನ ಬಾಗಿಲು ಒಳಗಿನಿಂದ ತೆಗೆದಿದೆ" ಎಂದ.

ಮರ್ವಿನ್ ಕೂರುತ್ತಿದ್ದದ್ದು ಹಿಂಭಾಗದಲ್ಲೇ. ಬಂದೂಕಿನ ಹಿಂದೆ.

ನನ್ನ ಅಣ್ಣ ಯುದ್ಧಕ್ಕೆ ಹೋಗುವ ಮುಂಚೆ ಅಪ್ಪನ ಜೊತೆ ನಮ್ಮೂರಾದ ವಾಲರೂ ಬಂದರಿನಲ್ಲಿ ಗೋಧಿ ಮೂಟೆ ಹೊರುತ್ತಿದ್ದ. ಊರಿನ ಬ್ಯಾಂಡಿನಲ್ಲಿ ಕಾರ್ನೆಟ್ ಎಂಬ ತುತ್ತೂರಿ ಊದುತ್ತಿದ್ದ. ಅದನ್ನು ಊದುವಾಗಿಗಿಂತ ಅದು ಕೈಯಲ್ಲಿಲ್ಲದಾಗ ಅವನ ಕಾಟ ಹೆಚ್ಚು. ಕೊಳವೆಯಂಥದ್ದು ಏನು ಕೈಗೆ ಸಿಕ್ಕರೂ ತುಟಿಗಿಟ್ಟು ಪರ್ರೆನ್ನಿಸುತ್ತಿದ್ದ. ನೀರಿನ ಕೊಳವೆಯಲ್ಲಿ ರಾಜನನ್ನು ಹರಸುವ ರಾಷ್ಟ್ರಗೀತೆ ನುಡಿಸಿ ಪಾದ್ರಿಯ ಕೈಯಲ್ಲಿ ಬೈಸಿಕೊಂಡಿದ್ದ. ಇಪ್ಪತ್ತೊಂದು ತುಂಬಿದ ವರ್ಷ ಅವನು ಕಾಣೆಯಾದ. ಮಟಮಟ ಮಧ್ಯಾಹ್ನ ಜಪಾನಿಯರ ವಿಮಾನ ನಿಲ್ದಾಣದ ಮೇಲೆ ಮರದ ತುದಿಯ ಎತ್ತರದಲ್ಲಿ ನುಗ್ಗಿದ ದಾಳಿಯದು. ಮರ್ವಿನ್‌ನ ವಿಮಾನ ಹೊಗೆ ಬಿಡುತ್ತಾ ಕಡಲ ಕಡೆ ತಿರುಗಿತು. ಅದನ್ನು ಕಂಡದ್ದು ಪಕ್ಕದ ವಿಮಾನದಲ್ಲಿದ್ದ ಸ್ಟಾನ್ ಜೋಸ್. ಅವನು ಆಮೇಲೆ ರಜೆಯಲ್ಲಿ ನಮ್ಮ ಮನೆಗೆ ಬಂದಿದ್ದ.

"ಅವನು ಸತ್ತಿದ್ದನ್ನ ನೀನು ಕಂಡ್ಯಾ?" ಎಂದು ಅಮ್ಮ ಕೇಳಿದಳು.

"ಇಲ್ಲ, ಮಿಸೆಸ್ ಟ್ರೆಗೆಂಜಾ. ನಮ್ಮ ವಿಮಾನ ಮೋಡದೊಳಗೆ ಹೋಯ್ತು."

"ನೋಡಿ ಮತ್ತೆ" ಎಂದು ಅಮ್ಮ ಅಪ್ಪನ ಕಡೆ ತಿರುಗಿದಳು.

ಸತ್ತದ್ದನ್ನು ಯಾರೂ ಕಂಡಿಲ್ಲ, ಅವನು ಇದ್ದಾನೆ: ಅಂದಿನಿಂದ ಅವಳದು ಅದೇ ಮಾತು. ಶನಿವಾರದ ಪೇಸ್ಟಿಗಳ ಮೂಲೆಯಲ್ಲಿ ನಮ್ಮ ನಮ್ಮ ಹೆಸರಿನ ಮೊದಲಕ್ಷರ ಕೊರೆಯುವುದು ನಮ್ಮ ಕಡೆಯ ರೂಢಿ. ಅವನ ಅಕ್ಷರದ ಪೇಸ್ಟಿಯೂ ಪ್ರತಿ ವಾರ ಬೇಯುತ್ತಿತ್ತು. ಭಾನುವಾರ ಅಪ್ಪ ಅದನ್ನು ಯಾರಿಗೂ ಕಾಣದಂತೆ ಕೋಳಿಗಳಿಗೆ ಹಾಕುತ್ತಿದ್ದ. ಆ ವರ್ಷದ ಕ್ರಿಸ್‌ಮಸ್ ಕಳೆದ ಮೇಲೆ, ನಮ್ಮ ದಕ್ಷಿಣದ ನಾಡಿನ ಬೇಸಿಗೆ ಇನ್ನೂ ಸುಡುತ್ತಿರುವಾಗಲೇ, ಚರ್ಚಿನಲ್ಲಿ ಮರ್ವಿನ್‌ಗಾಗಿ ಸ್ಮರಣೆಯ ಪ್ರಾರ್ಥನೆ ಮಾಡಿಸಬೇಕೆಂದು ಅಪ್ಪ ಹಟ ಹಿಡಿದ. ಸರ್ಕಾರದವರು ಆಗಿನ್ನೂ 'ಕಾಣೆಯಾಗಿದ್ದಾರೆ' ಎಂದಷ್ಟೇ ಹೇಳುತ್ತಿದ್ದರು.

"ಇರೋ ಮಗನಿಗೆ ತಿಥಿ ಮಾಡ್ತೀಯಾ, ಹೆಡ್ಲಿ?" ಎಂದು ಅಮ್ಮ ಅಂದು ಅಪ್ಪನನ್ನು ಏಕವಚನದಲ್ಲಿ ಕೇಳಿದಳು. ಅವಳು ಪ್ರಾರ್ಥನೆಗೆ ಬರಲಿಲ್ಲ. ಊರೆಲ್ಲ ಚರ್ಚಿನೊಳಗೆ ಹಾಡುತ್ತಿದ್ದಾಗ ಅವಳು ಬಂದರಿನ ಕಟ್ಟೆಯ ಮೇಲೆ ಕುಳಿತಿದ್ದಳಂತೆ. ಆಮೇಲೆ ಬಹಳ ಕಾಲ ಅವರಿಬ್ಬರ ನಡುವೆ ಉಪ್ಪು, ಸಕ್ಕರೆ, ಬಾಗಿಲು ಹಾಕು ಎಂಬಷ್ಟೇ ಮಾತು.

ಅಪ್ಪನ ಹಟಕ್ಕೆ ಕಾರಣ ನನಗೆ ತಿಳಿದದ್ದು ಅವನ ಕೊನೆಯ ಕಾಯಿಲೆಯಲ್ಲಿ. ಸೆರೆ ಸಿಕ್ಕ ವಿಮಾನದವರನ್ನು ಜಪಾನಿಯರು ಅಲ್ಲಿ ಏನು ಮಾಡುತ್ತಿದ್ದರು ಎಂದು ಬಂದರಿಗೆ ಬಂದ ನಾವಿಕನೊಬ್ಬ ಅವನಿಗೆ ವಿವರವಾಗಿ ಹೇಳಿಬಿಟ್ಟಿದ್ದ. "ನೀರಿಗೆ ಬಿದ್ದಾಗಲೇ ಹೋಗಿರ್ಲಿ ದೇವ್ರೇ ಅಂತ ಬೇಡ್ಕೊಂಡೆ ಕಣೇ. ಹೆತ್ತೋನು ಬೇಡ್ಕೊಳ್ಳೋ ಮಾತಾ ಅದು? ನಿಮ್ಮಮ್ಮಂಗೆ ಹೇಳ್ಬೇಡ" ಎಂದಿದ್ದ. ನಾನು ಹೇಳಲಿಲ್ಲ.

ಈಗ ಆ ತೆರೆದ ಬಾಗಿಲಿನ ಸುದ್ದಿಯೊಂದಿಗೆ ಅಪ್ಪನ ಭಯ ಇಡಿಯಾಗಿ ನನ್ನ ಪಾಲಿಗೆ ಬಂತು. ಅಣ್ಣ ನೀರಿನಿಂದ ಎದ್ದು ಹೋದದ್ದು ಎಲ್ಲಿಗೆ? ಯಾರ ಕೈಗೆ ಸಿಕ್ಕ? ಕೆಲಸ ಮಾಡುವಾಗ, ಬಟ್ಟೆ ಒಣಹಾಕುವಾಗ ನನ್ನ ಕಣ್ಣ ಮುಂದೆ ಅವನು ಹವಳದ ಮೇಲೆ ಬರಿಗಾಲಲ್ಲಿ ದಡದತ್ತ ನಡೆಯುತ್ತಲೇ ಇದ್ದ, ದಡದಲ್ಲಿ ಯಾರೋ ಕಾಯುತ್ತಿದ್ದರು. ಅವರ ಮುಖ ಕಾಣುವ ಮುಂಚೆಯೇ ನಾನು ಬೇರೇನಾದರೂ ಯೋಚಿಸಲು ಹೆಣಗುತ್ತಿದ್ದೆ. ಫೋನು ಬಡಿದರೆ ಕೈಯಲ್ಲಿದ್ದದ್ದನ್ನು ಬೀಳಿಸುತ್ತಿದ್ದೆ. ನನ್ನ ಗಂಡ ಕ್ಲೆಮ್ ಫೋನಿನ ಮೇಲೆ ಒಂದು ದಿಂಬು ಮುಚ್ಚಿಟ್ಟ.

ಅಮ್ಮನದು ಬೇರೆಯೇ ದಾರಿ. ಅವಳು ಚುರುಕಾದಳು. ಮರ್ವಿನ್‌ನ ಕೋಣೆಯ ಪರದೆ ಒಗೆದಳು. ಪಕ್ಕದ ಮನೆಯ ಮಿಸೆಸ್ ಪೆಂಗಿಲಿ ಬಂದು ನನ್ನನ್ನು ಬೇಲಿಯ ಹತ್ತಿರ ಕರೆದಳು.

"ನಿಮ್ಮಮ್ಮ ಇವತ್ತು ಅಂಗಡೀಲಿ ಗಂಡಸರ ಒಳಂಗಿ ಕೊಂಡ್ಲು, ಲೋರ್ನಾ. ಅವನು ಈಗ ದಪ್ಪ ಆಗಿರ್ತಾನೆ, ದೊಡ್ಡ ಅಳತೇದು ಕೊಡು ಅಂದ್ಲು. ಅಂಗಡಿಯೋನು ಏನು ಹೇಳ್ತಾನೆ ಪಾಪ, ಕೊಟ್ಟ. ನೀನು ಸ್ವಲ್ಪ ಮಾತಾಡು."

ಮಾತಾಡಲು ಹೋದರೆ ಅಮ್ಮ ಕತ್ತೆತ್ತದೆ ಆಲೂಗಡ್ಡೆ ಸುಲಿಯುತ್ತಾ, "ನೆನಪು ಹೋಗಿರುತ್ತೆ ಅವನಿಗೆ. ತಲೆಗೆ ಪೆಟ್ಟು ಬಿದ್ರೆ ಹಾಗಾಗುತ್ತೆ. ಅಲ್ಲೇ ಯಾರನ್ನೋ ಮದುವೆಯಾಗಿ ಇದ್ದಾನು" ಎಂದಳು.

"ಅಮ್ಮ, ಮೂವತ್ತು ವರ್ಷ..."

"ನಿಮ್ಮಪ್ಪನ ಹಾಗೆ ಮಾತಾಡ್ಬೇಡ."

ಕೊರಿಗನ್‌ನ ಫೋನು ಬಂದಾಗ ಚಳಿಗಾಲ ಶುರುವಾಗಿತ್ತು. ಅವನ ದನಿ ಕೇಳಿದ್ದೇ ನಾನು ಕುರ್ಚಿ ಎಳೆದುಕೊಂಡೆ. ಕರಾವಳಿಯಿಂದ ಒಳಗಿರುವ ಒಂದು ಹಳ್ಳಿಯಲ್ಲಿ ವಯಸ್ಸಾದ ಹೆಂಗಸೊಬ್ಬಳು ಮುಂದೆ ಬಂದು, ಬಿಳಿಯನೊಬ್ಬನ ಗೋರಿ ತನಗೆ ಗೊತ್ತು ಎಂದಿದ್ದಾಳೆ. ಅಲ್ಲಿ ಅಗೆಯುವ ಮುಂಚೆ ಮನೆಯವರು ಯಾರಾದರೂ ಬರುವುದಾದರೆ ವಾಯುಪಡೆ ಕರೆದೊಯ್ಯುತ್ತದೆ.

"ಅವನು ಹೇಗೆ..." ಎಂದು ಶುರು ಮಾಡಿ ನಿಲ್ಲಿಸಿದೆ.

"ಅವಳು ಅದನ್ನ ನಮ್ಗೆ ಹೇಳ್ತಿಲ್ಲ" ಎಂದ ಕೊರಿಗನ್. "ಅವನ ಕಡೆಯವರು ಬಂದ್ರೆ ಅವರಿಗೆ ಹೇಳ್ತೀನಿ ಅಂತಾಳೆ."

ಅಮ್ಮನ ಮುಂದೆ ಗೋರಿಯ ಮಾತು ಎತ್ತಲಿಲ್ಲ. ಅವನನ್ನು ಕಂಡವಳೊಬ್ಬಳು ಸಿಕ್ಕಿದ್ದಾಳೆ, ಕೇಳಿಕೊಂಡು ಬರುತ್ತೇನೆ ಎಂದೆ. ಅವಳು ನನ್ನ ಮುಖವನ್ನೇ ಬಹಳ ಹೊತ್ತು ನೋಡಿದಳು. "ಕೇಳ್ಕೊಂಡು ಬಾ. ಎಲ್ಲಾನೂ ಕೇಳು. ನನಗೆ ಅರ್ಧ ತಂದು ಕೊಡ್ಬೇಡ" ಎಂದಳು.

ಆ ಪ್ರಯಾಣದಲ್ಲಿ ನಾನು ಏನೂ ತಿನ್ನಲಾರದೇ ಹೋದೆ. ದೊಡ್ಡ ವಿಮಾನ, ಚಿಕ್ಕ ವಿಮಾನ, ಆಮೇಲೆ ದೋಣಿ, ಆಮೇಲೆ ಜಾರುವ ಕೆಂಪು ಮಣ್ಣಿನ ಏರು. ಪ್ರತಿ ಹೆಜ್ಜೆಗೂ ಹಿಂದಿರುಗಿಬಿಡೋಣ, ಏನೂ ತಿಳಿಯಲಿಲ್ಲ ಎಂದುಬಿಡೋಣ ಅನ್ನಿಸುತ್ತಿತ್ತು. ಹಳ್ಳಿಯ ಪಾದ್ರಿ ಎಲಿಯಾಸ್ ನನ್ನ ಜೊತೆಗಿದ್ದ. ಅವನಿಗೆ ಇಂಗ್ಲಿಷೂ ಗೊತ್ತು, ಅವರ ಭಾಷೆಯೂ ಗೊತ್ತು.

ಲೀದಿಯಾ ಚಾಪೆಯ ಮೇಲೆ ಕಾಲು ಚಾಚಿ ಕುಳಿತಿದ್ದಳು. ವಯಸ್ಸಾದವಳು ಎಂದಿದ್ದರು, ನನಗಿಂತ ಅಷ್ಟೇನೂ ದೊಡ್ಡವಳಲ್ಲ. ಅಂದು ಅವಳಿನ್ನೂ ಮದುವೆಯಾಗದ ಹುಡುಗಿ. ಅವಳು ಮೊದಲು ನನ್ನ ಎಡಗೈ ಹಿಡಿದು, ಮೊಣಕೈ ಕೆಳಗೆ ಹೆಬ್ಬೆರಳಿನಿಂದ ಒತ್ತಿ ನೋಡಿದಳು. ಏನೋ ಅಂದಳು.

"ನಿಮ್ಮದು ನೆಟ್ಟಗಿದೆ ಅಂತಿದಾಳೆ" ಎಂದ ಎಲಿಯಾಸ್.

ಇನ್ನು ಅಗೆದು ನೋಡುವ ಅಗತ್ಯ ನನಗಂತೂ ಉಳಿಯಲಿಲ್ಲ. ಅಳು ಬರಲಿಲ್ಲ. ಕೇಳಲೇಬೇಕಾದ ಪ್ರಶ್ನೆ ಒಂದೇ ಉಳಿದಿತ್ತು. "ಅವರು ಹಿಡಿದ್ರಾ ಅವನನ್ನ? ಜಪಾನಿನವರು?"

ಎಲಿಯಾಸ್ ಅದನ್ನು ಹೇಳಿ ಮುಗಿಸುವಷ್ಟರಲ್ಲೇ ಲೀದಿಯಾ ತಲೆ ಅಲ್ಲಾಡಿಸಿದಳು. ಅದು ಇಲ್ಲವೆಂದೋ, ಪ್ರಶ್ನೆ ತಿಳಿಯಿತೆಂದೋ ನನಗೆ ಗೊತ್ತಾಗಲಿಲ್ಲ. ಅವಳು ಮಾತಾಡುತ್ತಲೇ ಹೋದಳು, ಎಲಿಯಾಸ್ ಕೇಳುತ್ತಲೇ ಕುಳಿತ. ನಾನು ಅವನ ತೋಳು ಹಿಡಿದು ಅಲುಗಿಸಿದೆ. "ಏನಂತಾಳೆ? ಮೊದಲು ಅದನ್ನ ಹೇಳಿ."

"ಹಿಡೀಲಿಲ್ಲ" ಎಂದ. "ಇಲ್ಲ ತಾಯಿ, ಹಿಡೀಲಿಲ್ಲ."

ನಾನು ನೆಲಕ್ಕೆ ಕೈಯೂರಿದೆ. ಲೀದಿಯಾ ಎಳನೀರು ಕೊಟ್ಟು, ನಾನು ಕುಡಿದು ಮುಗಿಸುವ ತನಕ ಕಾದಳು.

ದಡದಲ್ಲಿ ಕಾಯುತ್ತಿದ್ದವನು ಅವಳ ಅಪ್ಪ. ತೊಡೆಯಲ್ಲಿ ಗಾಯವಾಗಿದ್ದ ಮರ್ವಿನ್‌ನನ್ನು ಅವನು, ಅವನ ತಮ್ಮ ಇಬ್ಬರೂ ಹೊತ್ತು ಗುಡ್ಡದ ಮೇಲಿನ ಗೆಡ್ಡೆ ತೋಟದ ಗುಡಿಸಲಲ್ಲಿ ಮಲಗಿಸಿದರು. ಲೀದಿಯಾ, ಅವಳ ಅಮ್ಮ ಊಟ ಒಯ್ಯುತ್ತಿದ್ದರು. ಗಾಯ ಒಮ್ಮೆ ಮಾಗಿತು. ಅವನು ಕೋಲೂರಿ ನಡೆದ. ಪಪ್ಪಾಯಿ ಎಲೆಯ ದಂಟನ್ನು ತುಟಿಗಿಟ್ಟು ಏನೇನೋ ಸದ್ದು ಮಾಡಿ ಮಕ್ಕಳನ್ನು ನಗಿಸುತ್ತಿದ್ದ.

"ನಮ್ಮಪ್ಪ ಬೈತಿದ್ದ. ಜಪಾನಿನವರು ಕೇಳಿಸ್ಕೊಂಡ್ರೆ ನಮ್ಮೆಲ್ಲರ ತಲೆ ಹೋಗುತ್ತೆ, ನಿಲ್ಲಿಸೋ ಅಂತ. ಅವನಿಗೆ ಮಾತು ತಿಳೀತಿರ್ಲಿಲ್ಲ, ಬೈಗಳ ತಿಳೀತಿತ್ತು. ಬಾಯಿ ಮೇಲೆ ಕೈ ಇಟ್ಕೋತಿದ್ದ. ಮತ್ತೆ ಸ್ವಲ್ಪ ಹೊತ್ತಿಗೆ ಶುರು."

ಒಂದು ದಿನ ಸೈನಿಕರು ಹಳ್ಳಿಗೆ ಬಂದರು. ವಿಮಾನದವನು ಎಲ್ಲಿ ಎಂದು ಕೇಳಿ ಲೀದಿಯಾಳ ಅಪ್ಪನನ್ನು ಎಲ್ಲರೆದುರು ಹೊಡೆದರು. ಅವನು ಬಾಯಿ ಬಿಡಲಿಲ್ಲ. ಆಮೇಲೆ ಸಾಯುವ ತನಕ ಅವನ ಒಂದು ಕಿವಿ ಕೇಳಿಸಲಿಲ್ಲ.

"ಯಾಕೆ ಹೇಳ್ಲಿಲ್ಲ ಅವರು?" ಎಂದು ನಾನು ಕೇಳಿಬಿಟ್ಟೆ. ಪಕ್ಕದ ಮನೆಯವರಿಗಾಗಿಯೂ ಅಷ್ಟು ಹೊಡೆತ ತಿನ್ನುವವರು ನಮ್ಮೂರಲ್ಲಿ ಎಷ್ಟು ಜನ ಸಿಗುತ್ತಾರೆ ಎಂದು ಯೋಚನೆ ಬಂದಿತ್ತು.

ಲೀದಿಯಾಳಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಎಲಿಯಾಸ್ ಎರಡನೆಯ ಸಲ ಹೇಳಿದ ಮೇಲೆ, "ಅವನು ನಮ್ಮ ತೋಟದಲ್ಲಿದ್ದ" ಎಂದಳು, ಅಷ್ಟೇ.

ಜೋರು ಮಳೆಯಲ್ಲಿ ಅವನಿಗೆ ಜ್ವರ ಬಂತು. ಗಾಯ ಮತ್ತೆ ಕೆಟ್ಟಿತು. ಹಗಲೆಲ್ಲ ಒಂದೇ ಮಾತು ಹೇಳುತ್ತಿದ್ದ. ಅವರು ಅದನ್ನೇ ಅವನ ಹೆಸರೆಂದುಕೊಂಡರು.

"ಏನದು?" ಎಂದೆ.

"ವಾಲರೂ" ಎಂದಳು ಲೀದಿಯಾ. ನಮ್ಮ ಊರಿನ ಹೆಸರು ಅವಳ ಬಾಯಲ್ಲಿ ಮೆತ್ತಗೆ, ಕೊನೆಯಲ್ಲಿ ಎಳೆದು ಬಂತು. "ನಮ್ಮಮ್ಮ ವಾಲರೂನನ್ನ ತೊಳೆದು ಬಟ್ಟೆ ಸುತ್ತಿದ್ಲು. ಅಪ್ಪ ಪ್ರಾರ್ಥನೆ ಹೇಳಿದ. ತೋಟದ ಮೇಲ್ಗಡೆ ಹೂಳಿದ್ವಿ. ಆಮೇಲೆ ಜಪಾನಿನವರು ನಮ್ಮನ್ನೆಲ್ಲ ಒಳಗಿನ ಕಾಡಿಗೆ ಓಡಿಸಿದ್ರು. ಅಲ್ಲಿ ಹಸಿವು, ಭೇದಿ. ಬಹಳ ಜನ ಹೋದ್ರು. ನಾನು ಮದುವೆಯಾಗಿ ಹೊಳೆ ಆಚೆಗೆ ಹೋದೆ." ಅವಳು ಮೊದಲ ಬಾರಿ ನನ್ನನ್ನು ನೇರವಾಗಿ ನೋಡಿದಳು. "ನಿಮ್ಮೋರು ಯಾರೂ ಬರ್ಲಿಲ್ಲ. ವಾಲರೂನನ್ನ ಅವನ ಕಡೆಯೋರು ಮರೆತ್ರು ಅಂದ್ಕೊಂಡ್ವಿ."

"ಮರೀಲಿಲ್ಲ. ನಮಗೆ ಗೊತ್ತಿರ್ಲಿಲ್ಲ" ಎಂದೆ. ಎಲಿಯಾಸ್ ಹೇಳಿದ. ಅವಳು ನಂಬಿದಳೋ ಇಲ್ಲವೋ ತಿಳಿಯಲಿಲ್ಲ.

ಹೊರಡುವ ಮುಂಚೆ ಮತ್ತೆ ಕೇಳಿದೆ: ಅವನು ಹೋದದ್ದು ಯಾವ ತಿಂಗಳು? ಮಳೆ ಹಿಡಿದ ಮೇಲೆ, ಮಳೆ ಬಿಡುವ ಮುಂಚೆ ಎಂದಳು. ಅಲ್ಲಿ ಮಳೆ ಡಿಸೆಂಬರಿಗೆ ಹಿಡಿದರೆ ಮಾರ್ಚಿನ ತನಕ ಬಿಡುವುದಿಲ್ಲವೆಂದು ಎಲಿಯಾಸ್ ವಿವರಿಸಿದ. ವಾಲರೂ ಚರ್ಚಿನಲ್ಲಿ ನಾವು ಅವನಿಗಾಗಿ ಹಾಡಿದ್ದು ಫೆಬ್ರವರಿಯಲ್ಲಿ.

ಮಾರನೆಯ ದಿನ ಕೊರಿಗನ್ ತನ್ನ ತಂಡದೊಂದಿಗೆ ಬಂದು ಅಗೆಸಿದ. ಎಡಗೈ ಸಿಕ್ಕಾಗ ಕೊರಿಗನ್ ನನ್ನ ಕಡೆ ನೋಡಿ ತಲೆಯಾಡಿಸಿದ. ಮರ್ವಿನ್‌ನನ್ನು ಅವನ ಇಬ್ಬರು ಜೊತೆಗಾರರ ಪಕ್ಕದಲ್ಲೇ, ಅದೇ ದ್ವೀಪದ ರಬೌಲ್ ಬಳಿಯ ಯುದ್ಧ ಸ್ಮಶಾನದಲ್ಲಿ ಮಣ್ಣು ಮಾಡಿದರು. ಲೀದಿಯಾ ಹೊಸ ರವಿಕೆ ತೊಟ್ಟು ದೋಣಿಯಲ್ಲಿ ಬಂದಿದ್ದಳು. ನಾನು ಅವಳ ಪಕ್ಕದಲ್ಲೇ ನಿಂತೆ. ಆದರೆ ನನ್ನ ಮನಸ್ಸು ಅಲ್ಲಿರಲಿಲ್ಲ. ಅಮ್ಮನಿಗೆ ಹೇಗೆ ಹೇಳಲಿ ಎಂಬುದೇ ತಲೆ ತಿನ್ನುತ್ತಿತ್ತು. ಅವನು ಬದುಕಿದ್ದ, ನೀನು ಹೇಳಿದ್ದು ನಿಜ, ನಾವು ಯಾರೂ ನಂಬಲಿಲ್ಲ, ಹುಡುಕಲಿಲ್ಲ: ಇದನ್ನು ಯಾವ ಬಾಯಲ್ಲಿ ಹೇಳುವುದು? ನೀರಿಗೆ ಬಿದ್ದಾಗಲೇ ಹೋದ ಎಂದುಬಿಟ್ಟರೆ ಒಂದೇ ನೋವು. ದಾರಿಯುದ್ದಕ್ಕೂ ಆ ಸುಳ್ಳನ್ನು ಮನಸ್ಸಿನಲ್ಲೇ ಹೇಳಿ ಹೇಳಿ ನಯ ಮಾಡಿಕೊಂಡೆ.

ಅಮ್ಮ ಬಾಗಿಲಲ್ಲೇ ನಿಂತಿದ್ದಳು. ನನ್ನ ಮುಖ ನೋಡಿ ಒಳಗೆ ಹೋಗಿ ಕುಳಿತಳು.

"ಇಲ್ಲ ಅಲ್ವಾ?"

"ಇಲ್ಲಮ್ಮ."

ಅವಳು ಏಪ್ರನ್ನಿನ ಅಂಚನ್ನು ಮಡಿಸಿದಳು, ಬಿಚ್ಚಿದಳು. "ನೀರಲ್ಲೇ ಹೋದ್ನಾ?"

ಹೌದು ಎನ್ನುವುದಕ್ಕೆ ಬಾಯಿ ತೆರೆದೆ. ಅರ್ಧ ತಂದು ಕೊಡಬೇಡ ಎಂದಿದ್ದಳು. "ಅಲ್ಲಮ್ಮ. ದಡಕ್ಕೆ ಬಂದಿದ್ದ" ಎಂದು ಶುರು ಮಾಡಿದವಳು ಕೊನೆಯ ತನಕ ನಿಲ್ಲಲಿಲ್ಲ. ಗುಡಿಸಲು, ಪಪ್ಪಾಯಿ ದಂಟು, ಲೀದಿಯಾಳ ಅಪ್ಪನ ಕಿವಿ, ಜ್ವರ, ಅವನನ್ನು ಅವರು ಕರೆದ ಹೆಸರು. ಎಲ್ಲ ಮುಗಿದ ಮೇಲೆ ಅಮ್ಮ ಕೇಳಿದಳು:

"ಊಟ ಏನು ಕೊಡ್ತಿದ್ರಂತೆ?"

"ಗೆಡ್ಡೆ. ಮೀನು. ತೆಂಗಿನಕಾಯಿ ಹಾಲಲ್ಲಿ ಬೇಯಿಸಿದ ಸೊಪ್ಪು."

"ಸೊಪ್ಪು ತಿಂತಿರ್ಲಿಲ್ಲ ಅವನು."

"ತಿಂದನಂತೆ."

ನಾನು ಹೆದರಿದ್ದ ಪ್ರಶ್ನೆ ಆಗ ಬಂತು. "ಚರ್ಚಲ್ಲಿ ನೀವೆಲ್ಲ ಹಾಡ್ತಿದ್ದಾಗ, ಅವನು ಇದ್ನಾ?"

"ಗೊತ್ತಿಲ್ಲಮ್ಮ. ಇದ್ದಿರಬಹುದು. ಅವಳಿಗೂ ಗೊತ್ತಿಲ್ಲ. ಅದು ಇನ್ನು ಯಾವತ್ತೂ ಗೊತ್ತಾಗಲ್ಲ."

ಅವಳು ಕಿರುಚುತ್ತಾಳೆ, ಅಪ್ಪನನ್ನು ಶಪಿಸುತ್ತಾಳೆ ಎಂದುಕೊಂಡೆ. ಅಪ್ಪ ಹೇಳಬೇಡ ಎಂದದ್ದನ್ನೂ ಆಗ ಹೇಳಿದೆ; ನಾವಿಕ ಹೇಳಿದ ಕಥೆ, ಅಪ್ಪ ಬೇಡಿಕೊಂಡದ್ದು, ಎಲ್ಲ. ಅಮ್ಮ ಕೇಳಿಸಿಕೊಂಡಳು. ಎದ್ದು ಮರ್ವಿನ್‌ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಹೊರಗೆ ಕುಳಿತು ಅವಳ ಉಸಿರು ಕೇಳಿಸುತ್ತದೆಯೇ ಎಂದು ಕಿವಿಗೊಟ್ಟೆ.

ಬೆಳಿಗ್ಗೆ ಅವಳು ಟೋಪಿ ಹಾಕಿಕೊಂಡು ಬಂದು, "ನಿಮ್ಮಪ್ಪನ ಹತ್ರ ಕರ್ಕೊಂಡು ಹೋಗು" ಎಂದಳು. ಅಪ್ಪನನ್ನು ಹೂಳಿದ ದಿನದ ನಂತರ ಅವಳು ಆ ಸ್ಮಶಾನಕ್ಕೆ ಕಾಲಿಟ್ಟಿರಲಿಲ್ಲ. ಗೇಟಿನಲ್ಲಿ ಕೈ ಬಿಡಿಸಿಕೊಂಡು, ನೀನು ಇಲ್ಲೇ ಇರು ಎಂದಳು. ಕಲ್ಲಿನ ಮುಂದೆ ಬಹಳ ಹೊತ್ತು ನಿಂತಳು. ಗಾಳಿಗೆ ಅವಳ ಮಾತು ನನ್ನ ತನಕ ಬರಲಿಲ್ಲ. ಅವಳ ಕೈ ಮಾತ್ರ ಆಡುತ್ತಿತ್ತು, ಅಡುಗೆಮನೆಯಲ್ಲಿ ಜಗಳ ಆಡುವಾಗಿನಂತೆ. ಬಿದ್ದುಗಿದ್ದಾಳೆಂದು ನಾನು ಎರಡು ಸಲ ಮುಂದೆ ಹೆಜ್ಜೆ ಇಟ್ಟು ಹಿಂದೆ ಸರಿದೆ.

ವಾಪಸು ಬಂದವಳ ಕಣ್ಣು ಒದ್ದೆಯಾಗಿತ್ತು.

"ಏನಂದೆ ಅಮ್ಮ?"

"ಮರ್ವಿನ್‌ನ ಅವರು ಹಿಡೀಲಿಲ್ವಂತೆ ಅಂದೆ. ಒಬ್ಬನೇ ಇರ್ಲಿಲ್ವಂತೆ ಅಂದೆ. ಇಷ್ಟು ವರ್ಷ ಅದನ್ನ ಒಬ್ಬನೇ ಹೊತ್ಕೊಂಡು ತಿರುಗಿದೆಯಲ್ಲ, ಪೆದ್ದ, ನನಗೊಂದು ಮಾತು ಹೇಳ್ಬಾರ್ದಾಗಿತ್ತಾ ಅಂತ ಬೈದೆ." ನನ್ನ ತೋಳಿಗೆ ಭಾರ ಬಿಟ್ಟಳು. "ಮೆಲ್ಲಗೆ ನಡಿಯೇ. ಆ ಲೀದಿಯಾಗೆ ಮಕ್ಕಳೆಷ್ಟು?"